ಹಗೇವಿನ ಗುರುತು

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಕಂಪ್ಯೂಟರಿನ ವಿಷಯ ಬರೆಯಹೊರಟರೆ ವಾಚಕರಿಗೆ ನಗು ಬಂದರೂ ಆಶ್ಚರ್ಯವಿಲ್ಲ. ಇತಿಹಾಸ, ಕನ್ನಡಗಳನ್ನು ಓದುವವಳಿಗೆ ಈ ಉಸಾಬರಿ ಏಕೆ ಎಂದು ನನ್ನ ಸಹಪಾಠಿಗಳೇ ಕೇಳಿದ್ದಾರೆ. ಆದರೆ ಕಳೆದ ಆಷಾಢದಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗದಿಂದ ನನ್ನಲ್ಲಿ ಒಂದು ಅಭಿಪ್ರಾಯ ಬೇರೂರಿದೆ. ಹಾಡು, ಕತೆ, ಕಾಗದಗಳನ್ನು ಕೂಡಿಡುವ ನಮ್ಮಂಥವರಿಗೆ ಅದು ಯಂತ್ರ ಬಲ್ಲವರಿಗಿಂತ ಹೆಚ್ಚು ಸಂಬಂಧಿಸಿದ್ದು. ಆದ್ದರಿಂದ ಈ ಧೈರ್ಯ.

ಮೊದಲು ಹಗೇವಿನ ಮಾತು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ರಾಗಿಯನ್ನು ನೆಲದೊಳಗೆ ಕೂಡಿಡುತ್ತಿದ್ದುದನ್ನು ನಮ್ಮ ಅಜ್ಜಂದಿರು ಕಂಡವರು. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ಒಳಗೆ ಹುಲ್ಲು ಹಾಸಿ ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಎಳೆದುಬಿಟ್ಟರೆ ರಾಗಿ ವರ್ಷಗಟ್ಟಲೆ ಕೆಡದು. ಕಳ್ಳರ ಭಯದಿಂದ ಮೇಲಿನ ನೆಲವನ್ನು ಸಮ ಮಾಡಿಬಿಡುತ್ತಿದ್ದರಂತೆ. ಎಲ್ಲಿ ಅಗೆಯಬೇಕೆಂಬುದು ಮನೆಯ ಯಜಮಾನನಿಗೆ ಗೊತ್ತು. ಅವನು ಹೇಳದೆ ಕಣ್ಣು ಮುಚ್ಚಿದರೆ ರಾಗಿ ಇದೆ, ಹಸಿವೂ ಇದೆ, ನಡುವೆ ಒಂದು ಗುರುತು ಇಲ್ಲ. ಈ ಚಿತ್ರವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ನಮ್ಮ ಮನೆಯ ಹಗೇವು ನಡುಮನೆಯ ಮೂಲೆಯಲ್ಲಿ, ದೇವರ ಗೂಡಿನ ಕೆಳಗೆ, ಗುಂಯ್ ಎಂದು ಸದ್ದು ಮಾಡುತ್ತಿದ್ದ ಒಂದು ಹಳೆಯ ಕಂಪ್ಯೂಟರು. ಇಂಜಿನಿಯರಿಂಗ್ ಓದುತ್ತಿದ್ದಾಗ ಅಣ್ಣ ಅದನ್ನು ಜೋಡಿಸಿದ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಮನೆಯವರ ಫೋನುಗಳಲ್ಲಿದ್ದುದನ್ನೆಲ್ಲ ತನ್ನೊಳಗೆ ಎಳೆದಿಟ್ಟುಕೊಳ್ಳುವುದೇ ಅದರ ಕೆಲಸ. ಒಳಗೆ ನಾಲ್ಕು ನಾಲ್ಕು ಟೆರಾಬೈಟಿನ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಕನ್ನಡಿಯಂತೆ ಮೂಡುತ್ತದೆ. ಇವೆರಡೂ ಕಣಜ. ಯಂತ್ರವನ್ನು ಎಬ್ಬಿಸಿ ನಡೆಸುವ ಲಿನಕ್ಸ್ ವ್ಯವಸ್ಥೆ ಮಾತ್ರ ಕಣಜದಲ್ಲಿರಲಿಲ್ಲ. ಹಿಂಬದಿಯಲ್ಲಿ ಸಿಕ್ಕಿಸಿದ್ದ ಹದಿನಾರು ಜಿಬಿಯ ಒಂದು ಪೆನ್‌ಡ್ರೈವಿನಲ್ಲಿತ್ತು. ಹೆಬ್ಬೆರಳ ಗಾತ್ರದ ಆ ಮೇಟಿ ಏಳದಿದ್ದರೆ ಕಣಜದ ಬಾಗಿಲು ತೆರೆಯುವವರಿಲ್ಲ.

ಕಣಜದಲ್ಲಿ ಏನಿತ್ತು ಎಂಬುದನ್ನೂ ಹೇಳಬೇಕು. ಮದುವೆ ನಾಮಕರಣಗಳ ಚಿತ್ರಗಳನ್ನು ಬಿಡಿ, ಅವು ನೆಂಟರ ಮನೆಗಳಲ್ಲೂ ಉಂಟು. ನನ್ನ ಅಜ್ಜಿ ಹಾಡಿದ ನಲವತ್ತೇಳು ಹಾಡುಗಳಿದ್ದವು. ಸೋಬಾನೆ, ರಾಗಿ ಬೀಸುವಾಗಿನ ಪದ, ಹಸೆಗೆ ಕರೆಯುವ ಹಾಡು. ಜೊತೆಗೆ ತಾತ ಬರೆದ ಕಾಗದಗಳ ಚಿತ್ರಗಳು. ತಾತ ಪ್ರಾಥಮಿಕ ಶಾಲೆಯ ಮೇಷ್ಟರು. ವರ್ಗವಾದ ಊರುಗಳಿಂದ ಅಜ್ಜಿಗೆ ಬರೆಯುತ್ತಿದ್ದರು. ಅಟ್ಟದ ಮೇಲಿದ್ದ ಆ ಕಾಗದಗಳಿಗೆ ಗೆದ್ದಲು ಹತ್ತಿ, ಮುಟ್ಟಿದರೆ ಉದುರುವ ಸ್ಥಿತಿಗೆ ಬಂದಾಗ ಅಣ್ಣ ಒಂದೊಂದನ್ನೇ ಗಾಜಿನ ಕೆಳಗಿಟ್ಟು ಫೋಟೋ ತೆಗೆದ. ಅಜ್ಜಿ ಒಂದು ಕರಾರು ಹಾಕಿದ್ದರು: “ನಾನಿರೋಗಂಟ ಯಾರೂ ಓದಬ್ಯಾಡಿ. ಆಮೇಲೆ ನಿಮ್ಮಿಷ್ಟ ಮಗಾ.” ಅಣ್ಣ ಮಾತಿಗೆ ತಪ್ಪದವನು. ಕಾಗದಗಳನ್ನು ಬೇರೊಂದು ಖಾನೆಯಲ್ಲಿಟ್ಟು ಗುಪ್ತಲಿಪಿಯ ಬೀಗ ಹಾಕಿದ. ಮೂಲ ಕಾಗದಗಳು ಆ ಮಳೆಗಾಲದಲ್ಲೇ ಪುಡಿಯಾದವು. ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ಅಣ್ಣ ಅಷ್ಟು ಹೊತ್ತಿಗೆ ಜರ್ಮನಿಗೆ ಹೋಗಿದ್ದ. ಓದೋಣ, ಅವನು ಬಂದಾಗ ಎಲ್ಲರೂ ಕೂತು ಓದೋಣ ಎಂದುಕೊಂಡೇ ದಿನ ಕಳೆಯಿತು.

ಆಷಾಢದ ಒಂದು ರಾತ್ರಿ ಗಾಳಿಗೆ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತು. ಬೆಳಗ್ಗೆ ಪೆಟ್ಟಿಗೆಯ ದೀಪ ಉರಿಯುತ್ತಿತ್ತು, ಪಂಖ ತಿರುಗುತ್ತಿತ್ತು, ಫೋನಿಗೆ ಮಾತ್ರ ಏನೂ ಕಾಣದು. ಟಿವಿಯ ತಂತಿಯನ್ನು ಅದಕ್ಕೆ ಜೋಡಿಸಿ ನೋಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಎಬ್ಬಿಸತಕ್ಕ ಸಾಧನ ಯಾವುದೂ ಸಿಗಲಿಲ್ಲ ಎಂಬ ಅರ್ಥದ್ದು. ಪೆನ್‌ಡ್ರೈವನ್ನು ಕಿತ್ತು ಬೇರೆ ಲ್ಯಾಪ್‌ಟಾಪಿಗೆ ಹಾಕಿದೆ. ಅಲ್ಲೂ ಅದು ಇಲ್ಲವೆಂಬಂತಿತ್ತು. ಇಂಥ ಪೆನ್‌ಡ್ರೈವುಗಳ ಒಳಗಿನ ಫ್ಲ್ಯಾಶ್ ಕೋಶಗಳನ್ನು ಅಳಿಸಿ ಬರೆಯುವುದಕ್ಕೆ ಒಂದು ಮಿತಿಯುಂಟು. ವ್ಯವಸ್ಥೆಯೋ ಹಗಲೂ ರಾತ್ರಿ ತನ್ನ ದಿನಚರಿಯನ್ನು ಅದರ ಮೇಲೆ ಗೀಚುತ್ತಲೇ ಇರುತ್ತದೆ. ಸಾಲದ್ದಕ್ಕೆ ನಮ್ಮ ಊರಿನ ಕರೆಂಟು. ಸತ್ತದ್ದು ಆಶ್ಚರ್ಯವಲ್ಲ, ಇಷ್ಟು ವರ್ಷ ಬದುಕಿದ್ದೇ ಆಶ್ಚರ್ಯ.

ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವರು ಮುಚ್ಚಳ ತೆಗೆದು ಒಮ್ಮೆ ಇಣುಕಿ, “ಏನಮ್ಮಾ, ಇದೆಲ್ಲ ಹೋಗಿದೆ. ಡಿಸ್ಕು ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ಕೊಡ್ತೀವಿ, ಸಾಯಂಕಾಲ ಬನ್ನಿ” ಎಂದರು. ಆ ಮನುಷ್ಯನಲ್ಲಿ ದುರುದ್ದೇಶವಿರಲಿಲ್ಲ. ಅವರ ಬಳಿಗೆ ಬರುವ ಹತ್ತು ಕಂಪ್ಯೂಟರುಗಳಲ್ಲಿ ಒಂಬತ್ತಕ್ಕೆ ಅದೇ ಔಷಧ ಸರಿ. ನಾನು ತಲೆಯಾಡಿಸಿದ್ದರೆ ನಲವತ್ತೇಳು ಹಾಡುಗಳು ಅಂದು ಸಾಯಂಕಾಲಕ್ಕೆ ಮುಗಿಯುತ್ತಿದ್ದವು. ಪೆನ್‌ಡ್ರೈವು ಸತ್ತದ್ದರಿಂದ ಹಾಡುಗಳಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಗಂಡಾಂತರ ಬಂದದ್ದು ದುರಸ್ತಿಯ ರೂಪದಲ್ಲಿ.

ಅಮ್ಮ ಜರ್ಮನಿಗೆ ಫೋನು ಮಾಡಿದರು. ಅಲ್ಲಿ ಇನ್ನೂ ಬೆಳಗಿನ ಜಾವ. ಅಣ್ಣ ನಿದ್ದೆಗಣ್ಣಿನಲ್ಲೇ ಹೇಳಿದ ಮೊದಲ ಮಾತು, “ಪುಟ್ಟಿ, ಯಾವುದನ್ನೂ ಮುಟ್ಟಬೇಡ. ಮನೆಗೆ ತಗೊಂಡು ಬಾ.”

ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲವಂತೆ. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಆಮೇಲೆ ಮನುಷ್ಯ. ಈ ನಿಧಾನವನ್ನು ನಾವು ಮರೆತಿದ್ದೇವೆ. ಯಂತ್ರ ಕೆಟ್ಟಿತೆಂದರೆ ಕೈಗೆ ಏನಾದರೂ ಮಾಡುವ ಚಪಲ. ಇದು ತಿಳಿಯದವರ ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಪ್ರಸಿದ್ಧ ಸಂಸ್ಥೆಯಲ್ಲಿ, ಒಂದು ತೊಂದರೆಯನ್ನು ಸರಿಪಡಿಸಲು ಹೊತ್ತುಮೀರಿ ಕೂತಿದ್ದ ನುರಿತ ಇಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಜಿಬಿ ಮಾಹಿತಿ ಕ್ಷಣಗಳಲ್ಲಿ ಹೋಯಿತು. ಇದೆಯೆಂದು ನಂಬಿದ್ದ ಬ್ಯಾಕಪ್ಪುಗಳು ಕೈಕೊಟ್ಟವು. ಅದಕ್ಕೆ ಆರು ಗಂಟೆ ಮುಂಚೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಪ್ರತಿಯಿಂದ ಅವರು ಚೇತರಿಸಿಕೊಂಡರು. ಆ ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತೆಂಬುದು ಮೆಚ್ಚತಕ್ಕದ್ದು.

ಮುಂದೆ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಂಥ ಪೆಟ್ಟಿಗೆ ನಮ್ಮ ಕಾಲೇಜಿನ ಹಲವರ ಮನೆಯಲ್ಲಿ ಇರಬಹುದು. ಮೊದಲು ವಿದ್ಯುತ್ತು ತೆಗೆದು, ಎರಡು ಡಿಸ್ಕುಗಳಿಗೆ ಎಡ, ಬಲ ಎಂದು ಚೀಟಿ ಅಂಟಿಸಿ, ಅವುಗಳ ತಂತಿಯನ್ನು ಕಳಚಿಟ್ಟೆ. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಯಾವ ಡಿಸ್ಕಿನ ಮೇಲೆ ಎಂದು ಅದು ಕೇಳುತ್ತದೆ; ಆಗ ಒಂದು ಗೆರೆ ಮೇಲೆ ಕೆಳಗೆ ಆದರೆ ಕಣಜದ ಮೇಲೆಯೇ ನೇಗಿಲು ಹರಿದೀತು. ತಂತಿ ಕಳಚಿದ್ದರೆ ತಪ್ಪು ಮಾಡಬೇಕೆಂದರೂ ಆಗದು. ಹಾಸ್ಟೆಲಿನಲ್ಲಿರುವ ಬಿ.ಸಿ.ಎ. ಗೆಳತಿಯೊಬ್ಬಳು ಬಂದು, ಪೆನ್‌ಡ್ರೈವಿನ ಬದಲಿಗೆ ಒಂದು ಚಿಕ್ಕ ಎಸ್‌ಎಸ್‌ಡಿ ಕೂರಿಸಿ, ಅದರ ಮೇಲೆ ಲಿನಕ್ಸ್ ಹಾಕಿಕೊಟ್ಟಳು. ಮಧ್ಯಾಹ್ನದೊಳಗೆ ಮೇಟಿ ಎದ್ದು ನಿಂತಿತು. ಕಣಜ ಎಲ್ಲಿದೆಯೆಂದು ಮಾತ್ರ ಅದಕ್ಕೆ ಗೊತ್ತಿಲ್ಲ.

ಇಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೊಂದಿದೆ. ಅಣ್ಣ ಡಿಸ್ಕುಗಳನ್ನು ಝಡ್‌ಎಫ್‌ಎಸ್ ಎಂಬ ಪದ್ಧತಿಯಲ್ಲಿ ಅಣಿಮಾಡಿದ್ದ. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿ ಜೆಫ್ ಬಾನ್ವಿಕ್, ಮ್ಯಾಥ್ಯೂ ಆರೆನ್ಸ್ ಎಂಬವರು 2001ರಲ್ಲಿ ಇದರ ಕೆಲಸ ಆರಂಭಿಸಿದರು. 2005ರಲ್ಲಿ ಅದರ ಮೂಲ ಬರಹ ಎಲ್ಲರಿಗೂ ಮುಕ್ತವಾಯಿತು. ಇದರಲ್ಲಿ ಕಣಜದ ವಿವರ, ಅಂದರೆ ಅದರ ಹೆಸರೇನು, ಎಷ್ಟು ಡಿಸ್ಕುಗಳು ಸೇರಿವೆ, ಹೇಗೆ ಸೇರಿವೆ ಎಂಬುದು, ಪ್ರತಿ ಡಿಸ್ಕಿನ ಮೇಲೂ ನಾಲ್ಕು ಕಡೆ ಬರೆದಿರುತ್ತದೆ. ಎರಡು ಆರಂಭದಲ್ಲಿ, ಎರಡು ಕೊನೆಯಲ್ಲಿ. ಹೊಲದ ಈ ಬದುವಿಗೂ ಆ ಬದುವಿಗೂ ಬಾಂದುಕಲ್ಲು ನೆಟ್ಟಂತೆ. ಹೊಲ ಉಳುತ್ತಿದ್ದವನು ಹೋದರೂ ಕಲ್ಲು ಹೊಲದಲ್ಲೇ ಇದೆ. ತಂತಿಗಳನ್ನು ಮತ್ತೆ ಸಿಕ್ಕಿಸಿ, ‘ಝಡ್‌ಪೂಲ್ ಇಂಪೋರ್ಟ್’ ಎಂದು ಬರೆದು ಕೇಳಿದ ಕೂಡಲೇ, ಪರದೆಯ ಮೇಲೆ ಅಣ್ಣ ಕೊಟ್ಟಿದ್ದ ಹೆಸರು, ನಮ್ಮ ಅಜ್ಜಿಯ ಹೆಸರು, ಎದ್ದು ಬಂದಿತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈ ಕಣಜವನ್ನು ಕಡೆಯ ಸಲ ಬಳಸಿದ್ದು ಬೇರೊಂದು ವ್ಯವಸ್ಥೆ, ಆದುದರಿಂದ ಕೊಡಲಾರೆ ಎಂದು ಯಂತ್ರ ಒಮ್ಮೆ ತಕರಾರು ಮಾಡಿತು. ಹಳೆಯದು ಸತ್ತಿರುವುದು ಖಾತರಿ ಇದ್ದುದರಿಂದ ಬಲವಂತದ ಆಜ್ಞೆ ಕೊಟ್ಟೆವು. ಅದೂ ಮೊದಲ ಸಲ ಓದುವುದಕ್ಕೆ ಮಾತ್ರ, ಬರೆಯುವುದಕ್ಕಲ್ಲ. ಹಗ್ಗಕ್ಕೆ ಕಟ್ಟಿದ ದೀಪ ಎನ್ನೋಣ. ಹಾಡುಗಳನ್ನು ಬೇರೊಂದು ಡಿಸ್ಕಿಗೆ ಇಳಿಸಿಕೊಂಡ ಮೇಲೆಯೇ ಪೂರ್ತಿ ತೆರೆದದ್ದು. ಆಮೇಲೆ ಹಗಲೆಲ್ಲ ಒಂದು ಪರೀಕ್ಷೆ ನಡೆಯಿತು. ಈ ಪದ್ಧತಿಯಲ್ಲಿ ಬರೆದ ಪ್ರತಿ ತುಂಡಿಗೂ ಒಂದು ಲೆಕ್ಕದ ಮೊತ್ತ ಇಟ್ಟಿರುತ್ತಾರೆ. ತುಂಡನ್ನು ಮತ್ತೆ ಓದಿ ಮೊತ್ತ ತಾಳೆಯಾಗುತ್ತದೋ ಎಂದು ಯಂತ್ರವೇ ನೋಡುತ್ತದೆ. ಸಂಜೆಗೆ ಫಲಿತಾಂಶ ಬಂದಿತು. ತಪ್ಪು: ಸೊನ್ನೆ.

ಆ ಸೊನ್ನೆಯಲ್ಲಿ ತಾತನ ಕಾಗದಗಳೂ ಸೇರಿದ್ದವು. ಬೀಗ ಹಾಕಿದ ಖಾನೆಯನ್ನು ಬೀಗ ತೆಗೆಯದೆಯೇ ಹೀಗೆ ಪರೀಕ್ಷಿಸಬಹುದು. ಕಾಗದಗಳು ಒಂದಕ್ಷರವೂ ಕೆಡದೆ ಎರಡೂ ಡಿಸ್ಕಿನಲ್ಲಿ ಕ್ಷೇಮವಾಗಿವೆ. ಅವನ್ನು ಓದಲು ಮಾತ್ರ ಆಗದು. ಕೀಲಿ ಪೆನ್‌ಡ್ರೈವಿನಲ್ಲಿತ್ತು.

ಏಕೆ ಅಲ್ಲಿಟ್ಟೆ ಎಂದು ಅಣ್ಣನನ್ನು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ನ್ಯಾಯವಾದದ್ದೇ. ನಮ್ಮಲ್ಲಿ ದಿನಕ್ಕೆ ಹಲವು ಸಲ ಕರೆಂಟು ಹೋಗುತ್ತದೆ. ಪ್ರತಿ ಸಲ ಯಂತ್ರ ಎದ್ದಾಗಲೂ ಉದ್ದನೆಯ ಗುಪ್ತಪದವನ್ನು ಬೆರಳಚ್ಚು ಮಾಡುವವರು ಯಾರು? ಅಮ್ಮನೇ, ಅಪ್ಪನೇ? ಆದ್ದರಿಂದ ಮೂವತ್ತೆರಡು ಬೈಟಿನ ಒಂದು ಕೀಲಿಯ ಕಡತವನ್ನು ಎಬ್ಬಿಸುವ ಪೆನ್‌ಡ್ರೈವಿನಲ್ಲೇ ಇಟ್ಟು, ಬಾಗಿಲು ತಾನಾಗಿ ತೆರೆಯುವಂತೆ ಮಾಡಿದ್ದ. ಅದರ ನಕಲು ಅವನ ಹಳೆಯ ಲ್ಯಾಪ್‌ಟಾಪಿನಲ್ಲಿತ್ತು. ವಿದೇಶಕ್ಕೆ ಹೊರಡುವಾಗ ಅದನ್ನು ಪೂರ್ತಿ ಅಳಿಸಿ ಮಾರಿದ. ಮೂವತ್ತೆರಡು ಬೈಟೆಂದರೆ ಈ ಸಾಲಿನಷ್ಟೂ ಉದ್ದವಲ್ಲ. ಊಹಿಸಿ ನೋಡೋಣವೆಂದರೆ, ಸಾಧ್ಯವಿರುವ ಕೀಲಿಗಳ ಎಣಿಕೆಯನ್ನು ಬರೆಯುವುದಕ್ಕೇ 78 ಅಂಕಿಗಳು ಬೇಕು. ಲೋಕದ ಕಂಪ್ಯೂಟರುಗಳೆಲ್ಲ ಸೇರಿದರೂ ಮುಗಿಯದ ಕೆಲಸ. ಬೆಂಗಳೂರಿನಲ್ಲಿ ಇಂಥದನ್ನೇ ಕಸುಬು ಮಾಡಿಕೊಂಡವರೊಬ್ಬರು ಸತ್ತ ಪೆನ್‌ಡ್ರೈವನ್ನು ನೋಡಿ, ಚಿಪ್ಪೇ ಉತ್ತರ ಕೊಡುತ್ತಿಲ್ಲವೆಂದು ಹಣ ತೆಗೆದುಕೊಳ್ಳದೆ ಹಿಂದಿರುಗಿಸಿದರು.

ನಮ್ಮಲ್ಲಿ ಕೂಡಿಡುವ ಉತ್ಸಾಹ ಬೇಕಾದಷ್ಟಿದೆ; ಕೂಡಿಟ್ಟದ್ದನ್ನು ಇನ್ನೊಬ್ಬರು ತೆರೆಯುವ ದಾರಿಯನ್ನು ಕೂಡಿಡುವ ಉತ್ಸಾಹ ಇಲ್ಲ ಎಂಬುದು ನನ್ನ ಅಭಿಪ್ರಾಯ. ಎರಡು ಡಿಸ್ಕಿನ ಕನ್ನಡಿ ಮಾಡಿದರೆ ಆಯಿತು, ಭದ್ರ ಎಂದು ನಂಬುತ್ತೇವೆ. ಡಿಸ್ಕುಗಳನ್ನು ಹೀಗೆ ಒಟ್ಟುಗೂಡಿಸುವ ಬಗೆಗಳನ್ನು 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ವಿದ್ವಾಂಸರು ವಿವರಿಸಿದ್ದೂ ಡಿಸ್ಕು ಸಾಯುವ ಸಂದರ್ಭಕ್ಕೆ. ಕೀಲಿ ಕಳೆದರೆ ಕನ್ನಡಿಯಿಂದಾಗುವ ಪ್ರಯೋಜನ ಇಷ್ಟೇ: ತೆರೆಯಲಾಗದ ಪೆಟ್ಟಿಗೆ ಎರಡಾಗುತ್ತದೆ.

ಇದೆಲ್ಲ ಗೊತ್ತಿರಬೇಕಾದದ್ದು ತಾಂತ್ರಿಕರಿಗೆ, ಮನೆಯವರಿಗೇಕೆ ಎನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆಯ ತಾಂತ್ರಿಕ ಏಳು ಸಾವಿರ ಕಿಲೋಮೀಟರು ದೂರದಲ್ಲಿದ್ದ. ಅವನ ಫೋನು ಅಂದು ಬಂದ್ ಆಗಿದ್ದರೆ, ಅಥವಾ ಹೇಳಬಾರದ ಮಾತು, ಅವನೇ ಇಲ್ಲದಿದ್ದರೆ? ಮನೆಯಲ್ಲಿ ಉಳಿಯುವವರು ಅಮ್ಮ. ಅಮ್ಮ ಏಳನೆಯ ತರಗತಿಯವರೆಗೆ ಓದಿದ್ದಾರೆ, ಹಾಲಿನ ಲೆಕ್ಕ ಚೀಟಿ ಲೆಕ್ಕಗಳನ್ನು ಒಂದು ಪೈಸೆ ತಪ್ಪದೆ ಬರೆದಿಡುತ್ತಾರೆ. ಆ ಲೆಕ್ಕದ ಪುಸ್ತಕದಲ್ಲಿ ಅರ್ಧ ಪುಟ ಕನ್ನಡದಲ್ಲಿ ಬರೆಸಿದ್ದರೆ ಸಾಕಿತ್ತು: ಪೆಟ್ಟಿಗೆ ಏಳದಿದ್ದರೆ ದೊಡ್ಡ ಡಿಸ್ಕೆರಡನ್ನು ಯಾರಿಗೂ ಅಳಿಸಲು ಕೊಡಬೇಡಿ, ಅವು ಝಡ್‌ಎಫ್‌ಎಸ್ ಕನ್ನಡಿ, ಹೆಸರು ಇಂಥದ್ದು, ಕೀಲಿ ಹೀಗಿದೆ. ಮೂವತ್ತೆರಡು ಬೈಟನ್ನು ಅರವತ್ತನಾಲ್ಕು ಅಕ್ಷರ ಅಂಕಿಗಳಾಗಿ ಕೈಯಲ್ಲೇ ಬರೆಯಬಹುದು. ಎಷ್ಟೋ ವರ್ಷ ಮನೆಯ ಪತ್ರ, ನಗನಟ್ಟು ಕಾದ ಟ್ರಂಕಿನಲ್ಲಿ ಆ ಪುಟವೂ ಇರುತ್ತಿತ್ತು. ಕಳ್ಳ ಟ್ರಂಕನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಹೊತ್ತುಕೊಂಡು ಹೋದರೆ ಎಂದು ಅಣ್ಣ ವಾದಿಸಿದ. ತಾತ ಅಜ್ಜಿಗೆ ಬರೆದ ಕಾಗದ ಓದುವಷ್ಟು ರಸಿಕ ಕಳ್ಳನಾದರೆ ಓದಿಕೊಳ್ಳಲಿ ಎಂದು ಅಮ್ಮ ಹೇಳಿದರು.

ದೊಡ್ಡ ಕಂಪನಿಗಳ ಕ್ಲೌಡಿಗೆ ಹಾಕಿಬಿಡಿ, ಈ ತಾಪತ್ರಯವೇ ಇಲ್ಲ ಎಂದು ಇನ್ನು ಕೆಲವರ ಸಲಹೆ. ಹಾಕಲಿ, ಒಂದು ಪ್ರತಿ ಅಲ್ಲೂ ಇರಲಿ; ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಮನೆಯ ಹೊರಗಿನ ಪ್ರತಿಯೇ ಗತಿ. ಆದರೆ ಅಲ್ಲಿಯೂ ಗುಪ್ತಪದ ಬೇಕು, ಅದಕ್ಕೆ ಹೊಂದಿದ ಫೋನು ನಂಬರು ಬೇಕು. ಒಬ್ಬರು ತೀರಿಕೊಂಡ ಮೇಲೆ ಅವರ ನಂಬರಿಗೆ ಬರುವ ಅಂಕಿಯನ್ನು ಯಾರು ಓದಬೇಕು? ಹಗೇವು ಬೇರೆಯವರ ಹೊಲದಲ್ಲಿದ್ದ ಮಾತ್ರಕ್ಕೆ ಗುರುತು ಬೇಡವೆಂದಾಗುವುದಿಲ್ಲ.

ನಮ್ಮ ಗುರುಗಳೊಬ್ಬರು ಈ ಕಥೆ ಕೇಳಿ, ಓಲೆಗರಿಯೇ ಮೇಲು ಕಣಮ್ಮಾ ಎಂದರು. ನಕ್ಕು ಹೇಳಿದ ಮಾತಾದರೂ ಅದರಲ್ಲಿ ತಿರುಳಿದೆ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಗ್ರಂಥ ಲಿಪಿಯದು. ತಂಜಾವೂರು ಕಡೆಯ ಪಂಡಿತರೊಬ್ಬರು ಅದನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೊಟ್ಟಿದ್ದರು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದೇನೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಶತಮಾನಗಳ ಕಾಲ ಲೋಕ ಆ ಗ್ರಂಥವನ್ನು ಕಳೆದುಹೋದದ್ದೆಂದೇ ತಿಳಿದಿತ್ತು. ಆದರೂ ಲಿಪಿ ಬಲ್ಲ ಒಬ್ಬರು ಬಂದು ಗರಿ ಬಿಡಿಸಿದ ಕೂಡಲೇ ಅದು ಮಾತಾಡಿತು. ಓಲೆಗೆ ಹುಳುವಿನ ಭಯ, ಬೆಂಕಿಯ ಭಯ ಉಂಟು. ಹೊರಗಿನವರು ಬಂದರೆ ಬಾಯಿ ಬಿಡದೆ ಇರುವ ಗುಣ ಅದಕ್ಕಿಲ್ಲ. ನಮ್ಮ ಕಾಲದ ಬೀಗಕ್ಕೆ ಆ ಗುಣವಿದೆ. ಎಂಥ ಶಾಸ್ತ್ರಿಗಳು ಬಂದರೂ ಅದು ತೆರೆಯದು. ಬೀಗ ಬೇಡವೆಂದು ನಾನು ಹೇಳುತ್ತಿಲ್ಲ. ಅಜ್ಜಿ ಕೇಳಿದ್ದು ಬೀಗವನ್ನೇ. ಅವರಿಗೆ ಬೇಕಾಗಿದ್ದದ್ದು ತಾವಿರುವವರೆಗಿನ ಬೀಗ, ನಾವು ಕೊಟ್ಟದ್ದು ಎಂದೆಂದಿಗಿನ ಬೀಗ.

ಈಗ ಕಾಲೇಜಿನ ಮಾತು. ಕನ್ನಡ ವಿಭಾಗದ ವತಿಯಿಂದ ಕೆಲವು ವರ್ಷಗಳಿಂದ ನಾವು ಸುತ್ತಲ ಹಳ್ಳಿಗಳಿಗೆ ಹೋಗಿ ಹಾಡು, ಒಗಟು, ಕತೆಗಳನ್ನು ಧ್ವನಿಮುದ್ರಿಸಿ ತರುತ್ತಿದ್ದೇವೆ. ನನ್ನ ಅಜ್ಜಿಯ ಹಾಡುಗಳೂ ಆ ಕೆಲಸದಲ್ಲೇ ಶುರುವಾದದ್ದು. ಹಾಡಿದವರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅದೆಲ್ಲ ವಿಭಾಗದ ಕೋಣೆಯ ಒಂದು ಕಂಪ್ಯೂಟರಿನಲ್ಲಿದೆ. ಅದರ ಗುಪ್ತಪದ ಗೊತ್ತಿದ್ದ ಸಹಾಯಕರಿಗೆ ಬೇರೆ ಊರಿಗೆ ವರ್ಗವಾಗಿ ಎರಡು ವರ್ಷವಾಯಿತು. ಅವರು ಹೊರಡುವ ಮುನ್ನ ತೆರೆದಿಟ್ಟದ್ದೇ ಇಂದಿಗೂ ನಡೆಯುತ್ತಿದೆ. ಇದು ಯಾರ ಮೇಲಿನ ದೂರೂ ಅಲ್ಲ, ಕೇಳುವ ಪದ್ಧತಿ ನಮ್ಮಲ್ಲಿ ಇಲ್ಲ ಅಷ್ಟೇ. ನಮ್ಮ ಗ್ರಂಥಾಲಯದಲ್ಲಿ ಎಪ್ಪತ್ತು ರೂಪಾಯಿಯ ಪುಸ್ತಕ ಬಂದರೂ ದಾಖಲೆ ರಿಜಿಸ್ಟರಿನಲ್ಲಿ ಸಂಖ್ಯೆ ಬೀಳುತ್ತದೆ, ಗ್ರಂಥಪಾಲಕರು ಬದಲಾದರೆ ಲೆಕ್ಕ ಒಪ್ಪಿಸಿ ರುಜು ಹಾಕುತ್ತಾರೆ. ಸತ್ತವರ ದನಿಗೆ ಅಷ್ಟು ಮರ್ಯಾದೆ ಸಲ್ಲದೆ? ಒಂದು ರೂಲು ಹಾಕಿದ ನೋಟುಬುಕ್ಕು, ಯಾವುದು ಎಲ್ಲಿದೆ, ಹೇಗೆ ತೆರೆಯಬೇಕು, ಇನ್ನೊಂದು ಪ್ರತಿ ಎಲ್ಲಿದೆ ಎಂಬ ನಾಲ್ಕು ಸಾಲು, ಪ್ರಾಂಶುಪಾಲರ ಕಬ್ಬಿಣದ ಬೀರುವಿನಲ್ಲಿ ಒಂದು ಜಾಗ. ವರ್ಷಕ್ಕೊಮ್ಮೆ, ಆ ಕಂಪ್ಯೂಟರನ್ನು ಎಂದೂ ಮುಟ್ಟದ ಒಬ್ಬ ವಿದ್ಯಾರ್ಥಿಯ ಕೈಗೆ ಆ ಪುಸ್ತಕ ಕೊಟ್ಟು, ಒಂದು ಹಾಡನ್ನು ಹೊರತೆಗೆದು ಕೇಳಿಸು ಎನ್ನಬೇಕು. ಅವನು ಕೇಳಿಸಿದರೆ ಪುಸ್ತಕ ಸರಿಯಿದೆ. ತಡವರಿಸಿದರೆ ಪುಸ್ತಕವನ್ನು ತಿದ್ದಬೇಕು, ಅವನನ್ನಲ್ಲ. ಈ ಸಂಚಿಕೆ ಅಚ್ಚಾಗುವುದರೊಳಗೆ ಇಷ್ಟಾದರೂ ಆಗಲೆಂದು ವಿಭಾಗದ ಗುರುಗಳಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಮೊದಲ ಪುಟ ಬರೆಯಲು ನಾನೇ ಸಿದ್ಧಳಿದ್ದೇನೆ.

ನಮ್ಮ ಮನೆಯಲ್ಲಿ ಪೆಟ್ಟಿಗೆ ಮತ್ತೆ ಗುಂಯ್ ಎನ್ನುತ್ತಿದೆ. ಲೆಕ್ಕದ ಪುಸ್ತಕದ ಕೊನೆಯ ಪುಟವನ್ನು ಅಮ್ಮ ತಾವೇ ಬರೆದಿದ್ದಾರೆ, ನಾನು ಹೇಳುತ್ತ ಹೋದದ್ದನ್ನು ತಮ್ಮ ಮಾತಿಗೆ ತಿದ್ದಿಕೊಂಡು. ಸಂಜೆ ಒಮ್ಮೊಮ್ಮೆ ಅಜ್ಜಿಯ ರಾಗಿ ಬೀಸುವ ಪದವನ್ನು ಹಾಕುತ್ತೇವೆ. ಹಾಡಿನ ನಡುವೆ ಅವರು ಕೆಮ್ಮಿ, ನೀರು ಕೇಳುವುದೂ ಅದರಲ್ಲಿದೆ. ತಾತನ ಕಾಗದಗಳ ಖಾನೆ ಹಾಗೆಯೇ ಇದೆ. ಜಾಗ ತಿನ್ನುತ್ತದೆ, ಅಳಿಸಿಬಿಡಲೇ ಎಂದು ಅಣ್ಣ ಕೇಳಿದಾಗ ಅಮ್ಮ ಬೇಡವೆಂದರು. ಸತ್ತ ಪೆನ್‌ಡ್ರೈವನ್ನು ಅಜ್ಜಿಯ ಕುಂಕುಮದ ಭರಣಿಯ ಪಕ್ಕದಲ್ಲಿಟ್ಟಿದ್ದಾರೆ. ದೀಪಾವಳಿಗೆ ಬಂದಾಗ ಅಣ್ಣ ಅದನ್ನು ತನ್ನ ಜೊತೆ ಒಯ್ದು, ಅಲ್ಲಿ ಬಲ್ಲವರೊಬ್ಬರಿಗೆ ತೋರಿಸುತ್ತಾನಂತೆ.